ಬ್ಯಾಟರಿ ಬದಲಿಸಿದರೂ ನಿಲ್ಲುವ ಮೋಟರ್: ತುಂಗಭದ್ರಾ ಹಿನ್ನೀರಿನ ಒಂದು ದೋಣಿಯ ಪ್ರಕರಣ

ದೂರು ಇಷ್ಟೇ ಇತ್ತು. ಬೆಳಗಿನ ಜಾವ ಬಲೆ ಎತ್ತಲು ಹೋಗುವಾಗ ಮೋಟರ್ ತಕರಾರಿಲ್ಲದೆ ಓಡುತ್ತದೆ. ಬಿಸಿಲೇರಿದ ಮೇಲೆ ಅದೇ ದೋಣಿ, ಅದೇ ದಾರಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್) ಬಿದ್ದಿರುತ್ತದೆ. ಹತ್ತು ನಿಮಿಷ ಬಿಟ್ಟು ಅದನ್ನು ಎತ್ತಿದರೆ ಮತ್ತೆ ಓಡುತ್ತದೆ, ಈ ಸಲ ಐದಾರು ನಿಮಿಷ ಮಾತ್ರ. ಓಡುವಾಗಲೂ ಮೊದಲಿನ ಎಳೆತ ಇಲ್ಲ.

ದೋಣಿ ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿನದು. ತಿಂಗಳು ಮಾರ್ಚ್. ಸಮುದ್ರ ಮಟ್ಟದಿಂದ 1633 ಅಡಿ ಪೂರ್ಣ ಮಟ್ಟದ ಜಲಾಶಯ ಆ ಹೊತ್ತಿಗೆ ಸಾಕಷ್ಟು ಇಳಿದು, ದಂಡೆಯಿಂದ ಬಲೆಯವರೆಗಿನ ದಾರಿಯಲ್ಲಿ ಕೆಸರು, ಕಲ್ಲು, ಜೊಂಡು ಎಲ್ಲ ಮೇಲೆ ಬಂದಿರುತ್ತವೆ. ಹಳೆಯ ಬಲೆಗಳ ಹರಿದ ತುಂಡುಗಳೂ ಅಲ್ಲಲ್ಲಿ ಸಿಕ್ಕಿಕೊಂಡಿರುತ್ತವೆ. ಈ ಕೊನೆಯ ಸಂಗತಿಗೆ ಪ್ರಕರಣದಲ್ಲಿ ಮುಂದೆ ದೊಡ್ಡ ಪಾತ್ರವಿದೆ.

ಸಾಮಾನಿನ ವಿವರ ಹೀಗೆ. ಫೈಬರ್ ದೋಣಿ, ಉದ್ದ 14 ಅಡಿ, ಇಬ್ಬರು ಆಳು. ಹಿಂಬದಿಯ ಹಲಗೆಗೆ ಸ್ಕ್ರೂ ಕ್ಲಾಂಪಿನಿಂದ ಬಿಗಿಯುವ 12 ವೋಲ್ಟ್ ಟ್ರೋಲಿಂಗ್ ಮೋಟರ್, 55 ಪೌಂಡ್ ಥ್ರಸ್ಟ್, ಅಂದರೆ ಸುಮಾರು 25 ಕಿಲೋ ತೂಕದಷ್ಟು ತಳ್ಳುವ ಬಲ. ಮುಂದಕ್ಕೆ ಐದು ಸ್ಪೀಡ್, ಹಿಂದಕ್ಕೆ ಮೂರು. ಪೂರ್ತಿ ಸ್ಪೀಡಿನಲ್ಲಿ ಹೆಚ್ಚೆಂದರೆ 50 ಆಂಪ್ ಎಂದು ಅದರ ಫಲಕ ಹೇಳುತ್ತದೆ. ಬ್ಯಾಟರಿ 150 ಎಎಚ್ (ಆಂಪ್-ಅವರ್, ಬ್ಯಾಟರಿಯಲ್ಲಿ ಹಿಡಿಯುವ ಕರೆಂಟಿನ ಅಳತೆ) ಟ್ಯೂಬ್ಯುಲರ್, ಮನೆಯ ಇನ್ವರ್ಟರಿಗೆ ಬಳಸುವಂಥದ್ದು.

ಟ್ರೋಲಿಂಗ್ ಎಂದರೆ ನಿಧಾನಕ್ಕೆ ಸಾಗುತ್ತ ಗಾಳವನ್ನು ಹಿಂದೆ ಎಳೆಯುವುದು. ಕರಾವಳಿಯ ದೊಡ್ಡ ಬೋಟುಗಳು ಬಲೆ ಎಳೆಯುವ ಟ್ರಾಲಿಂಗ್ ಬೇರೆ. ಹಿನ್ನೀರಿನಲ್ಲಿ ಇವೆರಡಕ್ಕೂ ಅಲ್ಲ, ಸಂಜೆ ಬಿಟ್ಟ ಬಲೆಯ ಹತ್ತಿರ ಸದ್ದಿಲ್ಲದೆ ಹೋಗಿ ಕಾಟ್ಲಾ, ರೋಹು, ಜಿಲೇಬಿ ಬಿಡಿಸಿಕೊಂಡು ಬರಲು ಈ ಮೋಟರ್ ಬೇಕು. ಗಾಳ ಎಳೆಯುವವನು ಎರಡನೇ ಸ್ಪೀಡಿನಲ್ಲಿ ಗಂಟೆಗಟ್ಟಲೆ ಅಡ್ಡಾಡುತ್ತಾನೆ. ಬಲೆಯವನು ಐದನೇ ಸ್ಪೀಡಿನಲ್ಲಿ ಒಂದೇ ಸಮ ಓಡಿಸುತ್ತಾನೆ. ಹಾಗಾಗಿ ವೈರಿಂಗಿನಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ಇಲ್ಲಿ ಬೇಗ ಬಯಲಿಗೆ ಬರುತ್ತದೆ.

ಮೊದಲು ಆದ ರಿಪೇರಿಗಳು

ಮೊದಲು ಇದ್ದದ್ದು ಟ್ರ್ಯಾಕ್ಟರ್ ಬ್ಯಾಟರಿ. ಮೋಟರ್ ಸೋತಾಗ ಅದರ ಮೇಲೆ ಅನುಮಾನ ಬಂದದ್ದು ತಪ್ಪಲ್ಲ. ಟ್ರ್ಯಾಕ್ಟರ್ ಬ್ಯಾಟರಿಯ ಪ್ಲೇಟು ತೆಳು; ಸ್ಟಾರ್ಟರಿಗೆ ಕೆಲವು ಸೆಕೆಂಡ್ ನೂರಾರು ಆಂಪ್ ಕೊಟ್ಟು ಕೂಡಲೇ ಚಾರ್ಜ್ ಆಗುವುದು ಅದರ ಕೆಲಸ. ಅರ್ಧಕ್ಕಿಂತ ಕೆಳಗೆ ದಿನವೂ ಇಳಿಸಿದರೆ ಒಂದೇ ಹಂಗಾಮಿನಲ್ಲಿ ಕೈಕೊಡುತ್ತದೆ. ಅದನ್ನು ತೆಗೆದು ಟ್ಯೂಬ್ಯುಲರ್ ಹಾಕಿದ್ದು ಸರಿಯಾದ ನಿರ್ಧಾರವೇ.

ಹೊಸ ಬ್ಯಾಟರಿ ಆಸಿಡ್ ಸೇರಿ 50 ಕಿಲೋಗೂ ಮೇಲೆ ತೂಗುತ್ತದೆ. ಮೋಟರ್, ಅದನ್ನು ನಡೆಸುವವನು, ಈ ಬ್ಯಾಟರಿ ಮೂರೂ ಹಿಂದೆ ಸೇರಿದಾಗ ದೋಣಿಯ ಬಾಲ ಮುಳುಗಿ ಮೂತಿ ಎದ್ದಿತು. ಎದ್ದ ಮೂತಿಯನ್ನು ಗಾಳಿ ಎತ್ತ ಬೇಕಾದರತ್ತ ತಿರುಗಿಸುತ್ತದೆ. ಅದಕ್ಕಾಗಿ ಬ್ಯಾಟರಿಯನ್ನು ಮುಂದಕ್ಕೆ ಸರಿಸಿದರು. ಇದೂ ಸರಿಯೇ. ಆದರೆ ಮೋಟರಿನ ವೈರು ಅಲ್ಲಿಗೆ ಮುಟ್ಟಲಿಲ್ಲ. ಮನೆ ವೈರಿಂಗಿನ 4 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ಎರಡು ಎಳೆ, ತಲಾ ಮೂರೂವರೆ ಮೀಟರ್, ಹುರಿ ಹೊಸೆದು ಟೇಪು ಸುತ್ತಿ ಜೋಡಿಸಿದರು. ಮುಂದೆ ಬ್ಯಾಟರಿಗೆ ಮೊಸಳೆ ಕ್ಲಿಪ್. ನಡುವೆ ಮುಚ್ಚಿದ ಕಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಗೆ ಹಾಕುವ 40 ಆಂಪ್ ಎಂಸಿಬಿ.

ಕಟ್ಟಾಗುವುದು ಶುರುವಾದದ್ದು ಆಮೇಲೆ. ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿ, ವಾರಂಟಿಯಲ್ಲಿ ಇನ್ನೊಂದು ಕೊಟ್ಟರು. ಅದರಲ್ಲೂ ಅದೇ ಕತೆ. 63 ಆಂಪ್ ಎಂಸಿಬಿ ಹಾಕಿಬಿಡಿ ಎಂಬ ಸಲಹೆ ಬಂದದ್ದು ಆಗ. ಅದನ್ನು ಕೇಳದಿದ್ದದ್ದು ಒಳ್ಳೆಯದಾಯಿತು. 4 ಸ್ಕ್ವೇರ್ ವೈರಿಗೆ 40 ಆಂಪೇ ಹೆಚ್ಚು. ದೊಡ್ಡ ಎಂಸಿಬಿ ಹಾಕಿದ್ದರೆ ಅದು ಬೀಳುವ ಬದಲು ಬಲೆಯ ರಾಶಿಯ ಕೆಳಗೆ ಹಾದ ವೈರು ಕರಗುತ್ತಿತ್ತು.

ಅಳತೆ

ನಿಂತ ಬ್ಯಾಟರಿಯನ್ನು ಅಳೆದು ತೀರ್ಪು ಕೊಡುವುದು ಈ ಮೋಟರುಗಳ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು. ಇಲ್ಲಿ ನಿಂತ ಬ್ಯಾಟರಿ 12.72 ವೋಲ್ಟ್ ತೋರಿಸಿತು. ಆರೂ ಸೆಲ್ಲಿನ ಆಸಿಡ್ ಸಾಂದ್ರತೆ 1.240ರ ಆಸುಪಾಸು, ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿಲ್ಲ. ಟ್ಯೂಬ್ಯುಲರ್ ಬ್ಯಾಟರಿಗೆ ಇದು ಪೂರ್ತಿ ಚಾರ್ಜ್. ಮೋಟರ್ ಆಫ್ ಇರುವಾಗ ಅದರ ತುದಿಯಲ್ಲಿ ಅಳೆದರೂ ಅದೇ 12.7 ಬರುತ್ತದೆ, ಏಕೆಂದರೆ ಕರೆಂಟ್ ಹರಿಯದೆ ವೈರಿನಲ್ಲಿ ವೋಲ್ಟೇಜ್ ಬೀಳುವುದೇ ಇಲ್ಲ. ವೈರಿನ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಮೀಟರ್ ಹಾಗೆಯೇ ಹೇಳುತ್ತದೆ.

ಆದ್ದರಿಂದ ದೋಣಿಯನ್ನು ದಂಡೆಯ ಗೂಟಕ್ಕೆ ಗಟ್ಟಿ ಹಗ್ಗದಿಂದ ಕಟ್ಟಿ, ಪ್ರೊಪೆಲ್ಲರ್ ನೀರಿನ ಮಟ್ಟದಿಂದ ಕನಿಷ್ಠ ಒಂದಡಿ ಕೆಳಗಿರುವಂತೆ ಇಳಿಸಿ, ಐದನೇ ಸ್ಪೀಡಿಗೆ ಹಾಕಿ ಅಳೆಯಬೇಕು. ಆಳ ಕಡಿಮೆಯಾದರೆ ಪ್ರೊಪೆಲ್ಲರ್ ಮೇಲಿನ ಗಾಳಿಯನ್ನು ಎಳೆದುಕೊಂಡು ಬುಳುಬುಳು ಎನ್ನುತ್ತದೆ, ಕರೆಂಟ್ ಸುಳ್ಳು ಹೇಳುತ್ತದೆ. ಕಟ್ಟಿದ ದೋಣಿಯಲ್ಲಿ ಓಟದ ದೋಣಿಗಿಂತ ತುಸು ಹೆಚ್ಚು ಕರೆಂಟ್ ಬರುತ್ತದೆ, ಅದು ಪರೀಕ್ಷೆಗೆ ಒಳ್ಳೆಯದೇ. ಪ್ರತಿ ಸಲ ಎರಡು ನಿಮಿಷ ಸಾಕು. ದಂಡೆಯ ಕೆಸರನ್ನು ಕಡೆಯದಷ್ಟು ಆಳದಲ್ಲಿ ಕಟ್ಟಿ.

ಕರೆಂಟ್ ಅಳೆಯಲು ಡಿಸಿ ಕ್ಲಾಂಪ್ ಮೀಟರ್ ಬೇಕು. ಸಾಮಾನ್ಯ ಎಲೆಕ್ಟ್ರಿಷಿಯನ್ನರ ಚೀಲದಲ್ಲಿರುವ ಕಡಿಮೆ ಬೆಲೆಯ ಕ್ಲಾಂಪ್ ಎಸಿ ಮಾತ್ರ ಅಳೆಯುತ್ತದೆ. ಈ ವೈರಿಗೆ ಹಾಕಿದರೆ ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತದೆ. ಮಲ್ಟಿಮೀಟರಿನ 10 ಆಂಪ್ ತೂತಿಗೆ ಸಿಕ್ಕಿಸಿ ಸಾಲಿನಲ್ಲಿ ಜೋಡಿಸಿದರೆ ಫ್ಯೂಸ್ ಹಾರುತ್ತದೆ, ಅಗ್ಗದ ಮೀಟರಾದರೆ ಮೀಟರೇ ಹೋಗುತ್ತದೆ. ಡಿಸಿ ಕ್ಲಾಂಪ್ ಇಲ್ಲದವರಿಗೆ ಒಂದು ಉಪಾಯವಿದೆ. ತಾಮ್ರದ ವೈರನ್ನೇ ಮೀಟರ್ ಮಾಡಿಕೊಳ್ಳಿ. 4 ಸ್ಕ್ವೇರ್ ವೈರಿನ ತಡೆ ಒಂದು ಮೀಟರ್ ಉದ್ದಕ್ಕೆ ಸುಮಾರು 4.4 ಮಿಲಿಓಮ್. ಜೋಡಣೆಯಿಲ್ಲದ ಜಾಗದಲ್ಲಿ ಸರಿಯಾಗಿ ಒಂದು ಮೀಟರ್ ಅಂತರಕ್ಕೆ ಎರಡು ಗುಂಡುಸೂಜಿ ಚುಚ್ಚಿ, ನಡುವಿನ ವೋಲ್ಟೇಜನ್ನು ಮಿಲಿವೋಲ್ಟಿನಲ್ಲಿ ಓದಿ 4.4ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 180 ಮಿಲಿವೋಲ್ಟ್ ಬಂದರೆ 41 ಆಂಪ್. ಸೂಜಿ ತೂತನ್ನು ಆಮೇಲೆ ಮುಚ್ಚಬೇಕು. ವೈರು ನಿಜವಾದ ತಾಮ್ರವಾಗಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಚಾಕುವಿನಿಂದ ಒಂದು ಎಳೆ ಕೆರೆದು ನೋಡಿ. ಕೆಂಪಿನ ಕೆಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪದ ಅಲ್ಯೂಮಿನಿಯಂ, ದೋಣಿಗೆ ಬೇಡವೇ ಬೇಡ.

ಐದನೇ ಸ್ಪೀಡಿನಲ್ಲಿ ಕರೆಂಟ್ 41 ಆಂಪ್ ಬಂತು. ಬ್ಯಾಟರಿಯ ಸೀಸದ ಕಂಬದ (ಟರ್ಮಿನಲ್) ಮೇಲೆಯೇ ಮೀಟರಿನ ವೈರಿನ ಮುಳ್ಳು (ಪ್ರೋಬ್) ಇಟ್ಟು ಅಳೆದಾಗ 12.25 ವೋಲ್ಟ್. ಮೋಟರಿನ ವೈರು ಶುರುವಾಗುವಲ್ಲಿ 9.69. ನಡುವೆ ಎರಡೂವರೆ ವೋಲ್ಟಿಗೂ ಹೆಚ್ಚು ಕಾಣೆ. ಎಲ್ಲಿ ಹೋಯಿತೆಂದು ತಿಳಿಯಲು ಮೀಟರಿನ ಎರಡೂ ಮುಳ್ಳನ್ನು ಪ್ರತಿ ತುಂಡಿನ ಎರಡು ತುದಿಗೆ ಇಟ್ಟು ಓದಿದ್ದು ಹೀಗೆ:

ಪಾಸಿಟಿವ್ ಕಂಬದಿಂದ ಮೊಸಳೆ ಕ್ಲಿಪ್ಪಿಗೆ 0.22
ಎಂಸಿಬಿ, ಅದರ ಎರಡೂ ಸ್ಕ್ರೂ ಸೇರಿ 0.38
ಪಾಸಿಟಿವ್ ವೈರು 0.68
ಪಾಸಿಟಿವ್ ಹುರಿ ಜೋಡಣೆ 0.34
ನೆಗೆಟಿವ್ ಹುರಿ ಜೋಡಣೆ 0.15
ನೆಗೆಟಿವ್ ವೈರು 0.68
ನೆಗೆಟಿವ್ ಕ್ಲಿಪ್ 0.11

ಕೂಡಿದರೆ 2.56 ವೋಲ್ಟ್. ಕಂಬದ ಮೇಲೆ ಇಡಬೇಕಾದ ಮುಳ್ಳನ್ನು ಕ್ಲಿಪ್ಪಿನ ಮೇಲೆ ಇಟ್ಟಿದ್ದರೆ ಮೊದಲನೆಯ ಮತ್ತು ಕೊನೆಯ ಸಾಲು ಮಾಯವಾಗುತ್ತಿದ್ದವು. ಅಂಗಡಿಯ ಪರೀಕ್ಷೆಗಳಲ್ಲಿ ತಪ್ಪುವುದು ಬಹಳ ಸಲ ಈ ಅರ್ಧ ಇಂಚಿನಲ್ಲಿ.

ಎಂಸಿಬಿ ಸಾಲನ್ನು ಗಮನಿಸಿ. 0.38 ವೋಲ್ಟ್, 41 ಆಂಪ್: ಗುಣಿಸಿದರೆ 15 ವ್ಯಾಟಿಗೂ ಹೆಚ್ಚು. ಮುಚ್ಚಿದ ಕಪ್ಪು ಡಬ್ಬಿಯೊಳಗೆ ಒಂದು ಸಣ್ಣ ಸೋಲ್ಡರಿಂಗ್ ಕಬ್ಬಿಣವನ್ನು ಹಚ್ಚಿಟ್ಟಂತೆ. ಎಂಸಿಬಿಯೊಳಗೆ ಎರಡು ಬಗೆಯ ಲೋಹ ಬೆಸೆದ ಒಂದು ಪಟ್ಟಿ ಬಿಸಿಗೆ ಬಾಗಿ ಸ್ವಿಚ್ಚನ್ನು ಬೀಳಿಸುತ್ತದೆ. ಆ ಬಿಸಿ ಕರೆಂಟಿನದೋ, ಸಡಿಲ ಸ್ಕ್ರೂವಿನದೋ, ಮಾರ್ಚಿನ ಬಿಸಿಲಿನದೋ ಎಂದು ಅದು ಕೇಳುವುದಿಲ್ಲ. ಮನೆಯ ಎಂಸಿಬಿಗೆ ಬರೆದ ಆಂಪ್ 30 ಡಿಗ್ರಿ ವಾತಾವರಣದ ಲೆಕ್ಕ. ಡಬ್ಬಿಯೊಳಗೆ ಅದು 55, 60 ಮುಟ್ಟಿದರೆ 40ರ ಎಂಸಿಬಿ ಮೂವತ್ತು ಚಿಲ್ಲರೆಯದಾಗಿಬಿಡುತ್ತದೆ. ಬೆಳಗಿನ ಜಾವ ಓಡಿ ಮಧ್ಯಾಹ್ನ ನಿಲ್ಲುವ ಗುಟ್ಟು ಇದು. ಹತ್ತು ನಿಮಿಷಕ್ಕೆ ಮತ್ತೆ ಓಡುವುದೂ, ಎರಡನೇ ಸಲ ಬೇಗ ಬೀಳುವುದೂ ಇದರಿಂದಲೇ: ಪಟ್ಟಿ ಅರ್ಧ ಮಾತ್ರ ತಣಿದಿರುತ್ತದೆ. ಬ್ಯಾಟರಿ ಖಾಲಿಯಾಗಿ ನಿಲ್ಲುವ ಮೋಟರ್ ಹೀಗೆ ಗಕ್ಕನೆ ನಿಲ್ಲುವುದಿಲ್ಲ. ಅದು ಸೊರಗುತ್ತ ಸೊರಗುತ್ತ ಹೋಗುತ್ತದೆ.

41 ಆಂಪ್ ಏಕೆ ಅನುಮಾನದ ಅಂಕಿ

ಇಲ್ಲಿಗೆ ಪ್ರಕರಣ ಮುಗಿಯಿತು, ವೈರು ಬದಲಿಸಿದರಾಯಿತು ಎನ್ನಬಹುದಿತ್ತು. 50 ಆಂಪಿನ ಮೋಟರ್ 41 ತೆಗೆದುಕೊಂಡರೆ ಕಡಿಮೆಯೇ ಅಲ್ಲವೇ?

ಅಲ್ಲ. ವೋಲ್ಟೇಜ್ ಕಡಿಮೆಯಾದರೆ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ ಎಂಬ ಮಾತು ಪಂಪ್‌ಸೆಟ್ಟಿನ ಅನುಭವದಿಂದ ಬಂದದ್ದು. ಎಸಿ ಇಂಡಕ್ಷನ್ ಮೋಟರಿಗೆ ಅದು ನಿಜ. ಟ್ರೋಲಿಂಗ್ ಮೋಟರಿನಲ್ಲಿರುವುದು ಕಾಂತ, ಬ್ರಷ್ ಇರುವ ಡಿಸಿ ಮೋಟರ್. ಅದರ ಕರೆಂಟ್ ಅದು ಹೊರುವ ಭಾರಕ್ಕೆ ತಕ್ಕಂತೆ. ಪ್ರೊಪೆಲ್ಲರಿನ ಭಾರವೋ ಸುತ್ತಿನ ವೇಗದ ವರ್ಗದಂತೆ ಏರಿಳಿಯುತ್ತದೆ. ವೋಲ್ಟೇಜ್ ಇಳಿದರೆ ವೇಗ ಇಳಿಯಬೇಕು, ಅದಕ್ಕಿಂತ ಜೋರಾಗಿ ಕರೆಂಟ್ ಇಳಿಯಬೇಕು. 12 ವೋಲ್ಟಿನಲ್ಲಿ 50 ಆಂಪ್ ತೆಗೆದುಕೊಳ್ಳುವ ಮೋಟರ್ 9.7 ವೋಲ್ಟಿನಲ್ಲಿ 35ರ ಹತ್ತಿರ ಇರಬೇಕಿತ್ತು. 41 ಇದೆ. ಆರು ಆಂಪ್ ಹೆಚ್ಚುವರಿ ಯಾವುದನ್ನೋ ಉಜ್ಜುತ್ತ, ಎಳೆಯುತ್ತ ಹೋಗುತ್ತಿದೆ.

ಎರಡು ಅಂಕಿಯನ್ನು ಜೊತೆಗಿಟ್ಟು ಓದುವುದರ ಲಾಭ ಇದು. ಮೋಟರಿನ ತುದಿಯಲ್ಲಿ ವೋಲ್ಟೇಜೂ ಕಡಿಮೆ, ಕರೆಂಟೂ ಅದಕ್ಕೆ ತಕ್ಕಂತೆ ಕಡಿಮೆ ಎಂದರೆ ತಡೆ ವೈರಿನ ದಾರಿಯಲ್ಲಿ. ವೋಲ್ಟೇಜ್ ಸರಿ, ಕರೆಂಟ್ ಫಲಕಕ್ಕಿಂತ ಹೆಚ್ಚು ಎಂದರೆ ಭಾರ ಪ್ರೊಪೆಲ್ಲರಿನ ಕಡೆ, ಇಲ್ಲವೇ ಮೋಟರಿನ ಒಳಗೆ. ವೋಲ್ಟೇಜ್ ಸರಿ, ಕರೆಂಟ್ ತೀರಾ ಕಡಿಮೆ, ಸದ್ದು ಮಾತ್ರ ಜೋರು ಎಂದರೆ ಪ್ರೊಪೆಲ್ಲರ್ ಪಿನ್ ಮುರಿದು ದಂಡ (ಶಾಫ್ಟ್) ಬರಿದೇ ತಿರುಗುತ್ತಿದೆ. ಈ ದೋಣಿಯಲ್ಲಿ ಮೊದಲ ಎರಡೂ ಒಟ್ಟಿಗಿದ್ದು, ಒಂದರ ಕುರುಹನ್ನು ಇನ್ನೊಂದು ಅಳಿಸಿತ್ತು.

ವೈರಿಂಗ್ ಬದಲಾವಣೆ

ಬ್ಯಾಟರಿಯನ್ನು ಮುಂದೆಯೇ ಬಿಟ್ಟು ಕೇಬಲ್ ದಪ್ಪ ಮಾಡಲಾಯಿತು. 16 ಸ್ಕ್ವೇರ್ ಎಂಎಂ ತಾಮ್ರದ ಸಣ್ಣ ಎಳೆಗಳ ಬಳುಕುವ ಬ್ಯಾಟರಿ ಕೇಬಲ್, ಕೆಂಪು ಮೂರೂವರೆ ಮೀಟರ್, ಕಪ್ಪು ಮೂರೂವರೆ. ಹೋಗಿ ಬರುವ ಏಳು ಮೀಟರಿನ ತಡೆ ಈಗ ಸುಮಾರು 7.7 ಮಿಲಿಓಮ್, ಮೊದಲು 30ಕ್ಕೂ ಹೆಚ್ಚಿತ್ತು. 25 ಸ್ಕ್ವೇರ್ ಇನ್ನೂ ಒಳ್ಳೆಯದು, ಆದರೆ ಭಾರ, ಬೆಲೆ ಎರಡೂ ಏರುತ್ತವೆ. ನಾಲ್ಕು ಮೀಟರ್ ದಾಟಿದರೆ ಮಾತ್ರ ಅದರ ಯೋಚನೆ ಮಾಡಿ.

ಕೇಬಲ್ ತುದಿಗೆ ತವರ ಲೇಪಿಸಿದ ತಾಮ್ರದ ಲಗ್ (ಬೋಲ್ಟಿಗೆ ಬಿಗಿಯುವ ತೂತಿನ ತುದಿ). ಬ್ಯಾಟರಿಯ ಬೋಲ್ಟ್ ನೋಡಿ 6 ಅಥವಾ 8 ಮಿಮೀ ತೂತಿನದು. ಇಕ್ಕಳದಿಂದ ಚಪ್ಪಟೆ ಮಾಡಿದ್ದು ಲಗ್ ಅಲ್ಲ. ಹೈಡ್ರಾಲಿಕ್ ಕ್ರಿಂಪರ್ ಇರುವ ಅಂಗಡಿಯಲ್ಲೇ ಒತ್ತಿಸಿಕೊಳ್ಳಿ, ಅದರ ಮೇಲೆ ಒಳಬದಿಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿಸಿ. ಮೊಸಳೆ ಕ್ಲಿಪ್ಪುಗಳನ್ನು ದೋಣಿಯಿಂದ ಹೊರಗೆ ಹಾಕಿದ್ದಾಯಿತು. ಲಗ್ಗನ್ನು ಒಣ ಲೋಹಕ್ಕೆ ಒಣ ಲೋಹ ತಾಗುವಂತೆ ಬಿಗಿದು, ವ್ಯಾಸಲೀನ್ ಹಚ್ಚುವುದು ಬಿಗಿದ ಮೇಲೆ. ಮೊದಲೇ ಹಚ್ಚಿ ಬಿಗಿಯುವ ರೂಢಿ ಹಲವೆಡೆ ಇದೆ, ಅದರಿಂದ ಪ್ರಯೋಜನವಿಲ್ಲ.

ಎಂಸಿಬಿ ಬದಲು 60 ಆಂಪಿನ, ಕೈಯಿಂದ ಮರಳಿ ಒತ್ತುವ ಡಿಸಿ ಸರ್ಕ್ಯೂಟ್ ಬ್ರೇಕರ್. ತಾನಾಗಿ ಮರಳುವ ಬಗೆಯದು ಬೇಡ. ಜೊಂಡು ಸುತ್ತಿ ನಿಂತ ಪ್ರೊಪೆಲ್ಲರನ್ನು ಕೈಯಿಂದ ಬಿಡಿಸುತ್ತಿರುವಾಗ ಅದು ಮರಳಿದರೆ ಬೆರಳು ಹೋದೀತು. ಬ್ರೇಕರ್ ಪಾಸಿಟಿವ್ ಎಳೆಯಲ್ಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ದೂರ ಇಟ್ಟರೆ ನಡುವಿನ ಕೇಬಲಿಗೆ ರಕ್ಷಣೆ ಇಲ್ಲ. ನೆರಳಲ್ಲಿ, ಗಾಳಿ ಆಡುವಂತೆ ಇಡಬೇಕು, ನೀರಿನ ತುಂತುರು ತಾಗದಂತೆ ಮೇಲೊಂದು ಸೂರು ಸಾಕು.

ಮೋಟರನ್ನು ದಿನಾ ಮನೆಗೆ ಒಯ್ಯುವುದರಿಂದ ಹಿಂದುಗಡೆ ಬಿಚ್ಚುವ ಜೋಡಣೆ ಬೇಕಿತ್ತು. ಆಂಡರ್ಸನ್ ಮಾದರಿಯ 120 ಆಂಪ್ ಕನೆಕ್ಟರ್ ಹಾಕಲಾಯಿತು. 50 ಆಂಪಿನದು ಲೆಕ್ಕಕ್ಕೆ ಸರಿ ಎನಿಸಿದರೂ 16 ಸ್ಕ್ವೇರ್ ಕೇಬಲ್ ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಈ ಕನೆಕ್ಟರನ್ನು ತಿರುಗುಮುರುಗು ಸೇರಿಸಲು ಬರುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಸ್ವಿಚ್ಚಿನ ಐದು ಸ್ಪೀಡಿನ ಮೋಟರಿಗೆ ಪ್ಲಸ್ ಮೈನಸ್ ಅದಲುಬದಲಾದರೆ ಉಲ್ಟಾ ತಿರುಗುತ್ತದೆ, ಅಷ್ಟೇ. ಹಿಡಿ ತಿರುವಿದಂತೆ ವೇಗ ಏರುವ ಎಲೆಕ್ಟ್ರಾನಿಕ್ ಬೋರ್ಡಿನ ಮೋಟರಾದರೆ ಬೋರ್ಡು ಸುಡುವ ಅಪಾಯವಿದೆ.

ಎರಡನೇ ದೋಷ ಬಯಲಿಗೆ

ಹೊಸ ಕೇಬಲ್ಲಿನಲ್ಲಿ ಮತ್ತೆ ಅದೇ ಗೂಟ, ಅದೇ ಹಗ್ಗ. ಮೋಟರಿನ ತುದಿಯಲ್ಲಿ 11.6 ವೋಲ್ಟ್. ನೀರು ಹಿಂದಕ್ಕೆ ಚಿಮ್ಮುವ ರಭಸ ಕಣ್ಣಿಗೇ ಕಾಣುವಷ್ಟು ಹೆಚ್ಚಿತು. ಕರೆಂಟ್ 53 ಆಂಪ್. ಫಲಕದ 50 ದಾಟಿತು, ಅದೂ ವೋಲ್ಟೇಜ್ 12ಕ್ಕಿಂತ ಕೆಳಗಿರುವಾಗ.

ಕನೆಕ್ಟರ್ ಬಿಚ್ಚಿ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಬೇಕಾದ ಹೊತ್ತು ಇದು. ಒಳ್ಳೆಯ ಮೋಟರಿನಲ್ಲಿ ಕಾಂತದ ಸೆಳೆತ ಕೈಗೆ ತುಸು ತಾಗುತ್ತದೆ, ಸುತ್ತಿನುದ್ದಕ್ಕೂ ಒಂದೇ ಬಗೆಯಲ್ಲಿ. ಬಿಚ್ಚಿದ ಮೇಲೂ ಬಲವಾಗಿ, ತಡೆತಡೆದು ತಿರುಗಿದರೆ ಒಳಗಿನ ಸುರುಳಿ ಶಾರ್ಟ್ ಆಗಿರಬಹುದು. ಗರಗರ ಸದ್ದಾದರೆ ಕಲ್ಲಿಗೆ ಬಡಿದು ಕಾಂತ ಕಳಚಿರಬಹುದು. ಇಲ್ಲಿ ಎರಡೂ ಇರಲಿಲ್ಲ. ಅಂಟಂಟಾದ ಒಂದು ಬಿಗಿತ ಮಾತ್ರ ಇತ್ತು.

ಪ್ರೊಪೆಲ್ಲರ್ ಬಿಚ್ಚುವ ಕೆಲಸ ಐದು ನಿಮಿಷದ್ದು, ಆದರೆ ನೀರಿನ ಮೇಲೆ ಮಾಡಬೇಡಿ. ನಟ್ ಸಡಿಲಿಸಿ, ಹಿಂದಿನ ವಾಷರ್ ತೆಗೆದು, ದಂಡದಲ್ಲಿ ಅಡ್ಡ ಕೂತ ಪಿನ್ ನೆಲಕ್ಕೆ ಸಮಾನಾಂತರ ಇರುವಂತೆ ತಿರುಗಿಸಿ ಆಮೇಲೆ ಪ್ರೊಪೆಲ್ಲರ್ ಎಳೆಯಬೇಕು. ಪಿನ್ ನಿಂತ ಭಂಗಿಯಲ್ಲಿದ್ದರೆ ಜಾರಿ ಬೀಳುತ್ತದೆ, ಹಿನ್ನೀರಿನ ಕೆಸರಿನಲ್ಲಿ ಬಿದ್ದ ಪಿನ್ನು ಸಿಕ್ಕ ನಿದರ್ಶನವಿಲ್ಲ. ಒಂದು ಪಿನ್ನು, ಒಂದು ನಟ್ಟು, ಅದಕ್ಕೆ ಹೊಂದುವ ಸ್ಪ್ಯಾನರ್ ದೋಣಿಯಲ್ಲಿ ಸದಾ ಇರಲಿ.

ಪ್ರೊಪೆಲ್ಲರ್ ಹಿಂದೆ, ದಂಡ ಮೋಟರಿನೊಳಗೆ ಹೋಗುವ ಕಡೆ, ನೈಲಾನ್ ಬಲೆಯ ಎಳೆ ಉಂಗುರದಂತೆ ಬಿಗಿದು ಕೂತಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಉಜ್ಜಿದ ಬಿಸಿಗೆ ಒಳಗಿನ ಸುತ್ತುಗಳು ಅರ್ಧ ಕರಗಿ ಒಂದಕ್ಕೊಂದು ಅಂಟಿ, ಗಟ್ಟಿ ಬಳೆಯಾಗಿದ್ದವು. ಚಾಕುವಿನ ಮೊನೆಯನ್ನು ದಂಡದ ಉದ್ದಕ್ಕೆ, ಹೊರಮುಖವಾಗಿ ಎಳೆದು ಸೀಳಬೇಕು. ಅಡ್ಡ ಕೊಯ್ದರೆ ನೀರು ಒಳಹೋಗದಂತೆ ದಂಡದ ಸುತ್ತ ಕೂತ ರಬ್ಬರ್ ಸೀಲಿನ ತುಟಿಗೆ ತಾಗುತ್ತದೆ. ಎಲ್ಲ ಬಿಡಿಸಿದ ಮೇಲೆ ಸೀಲಿನ ರಬ್ಬರಿನಲ್ಲಿ ಎರಡು ಗೆರೆ ಕಂಡವು. ಎಳೆ ಅದನ್ನು ಆಗಲೇ ಕೊರೆಯತೊಡಗಿತ್ತು.

ಸೀಲ್ ಕೊರೆದರೆ ನೀರು ಒಳಕ್ಕೆ. ಮೋಟರ್ ಓಡಿ ಬಿಸಿಯಾಗಿ, ನಿಂತು ತಣ್ಣೀರಿನಲ್ಲಿ ತಣಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ಕೆಂಪು ತುಕ್ಕಿನ ನೀರು ತೊಟ್ಟಿಕ್ಕುವುದು, ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗುವುದು ಅದರ ಗುರುತು. ಈ ಮೋಟರಿನಲ್ಲಿ ಎರಡೂ ಇರಲಿಲ್ಲ. ಮಲ್ಟಿಮೀಟರನ್ನು ಅತಿ ಹೆಚ್ಚಿನ ಓಮ್ ಶ್ರೇಣಿಗೆ ಇಟ್ಟು ವೈರಿನ ತುದಿಗೂ ಮೋಟರಿನ ಬಣ್ಣ ಕೆರೆದ ಲೋಹದ ಮೈಗೂ ಹಿಡಿದಾಗ ಏನೂ ತೋರಿಸಲಿಲ್ಲ. ಒಳಗೆ ಒಣಗಿದೆ ಎಂದರ್ಥ. ಆದರೂ ಗೆರೆ ಬಿದ್ದ ಸೀಲನ್ನು ಹಾಗೆಯೇ ಬಿಡುವುದು ಬುದ್ಧಿವಂತಿಕೆಯಲ್ಲ.

ಸೀಲ್ ಬದಲಿಸಲು ಮೋಟರಿನ ಉದ್ದಕ್ಕೆ ಹಾದ ಎರಡು ಬೋಲ್ಟ್ ಬಿಚ್ಚಿ ಪ್ರೊಪೆಲ್ಲರ್ ಬದಿಯ ಮುಚ್ಚಳ ಮಾತ್ರ ತೆಗೆಯಬೇಕು. ಬಿಚ್ಚುವ ಮೊದಲು ಮುಚ್ಚಳಕ್ಕೂ ಮೈಗೂ ಸೇರಿಸಿ ಒಂದು ಗೆರೆ ಎಳೆದುಕೊಳ್ಳಿ, ಮರಳಿ ಕೂರಿಸುವಾಗ ದಿಕ್ಕು ತಪ್ಪುವುದಿಲ್ಲ. ದಂಡವನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದಿರಬೇಕು. ಆರ್ಮೇಚರ್ (ಮೋಟರಿನ ತಿರುಗುವ ಒಳಭಾಗ) ಮುಚ್ಚಳದ ಜೊತೆ ಹೊರಗೆ ಬಂದರೆ ಬ್ರಷ್ಷುಗಳು ಸ್ಪ್ರಿಂಗಿಗೆ ಮುಂದೆ ಹಾರಿ, ಮತ್ತೆ ಕೂರಿಸಲು ಅರ್ಧ ದಿನ ಹೋಗುತ್ತದೆ. ಹಳೆ ಸೀಲ್ ಯಾವ ಮುಖ ಎತ್ತ ಮಾಡಿ ಕೂತಿತ್ತೋ ಫೋಟೊ ತೆಗೆದು ಹೊಸದನ್ನು ಹಾಗೆಯೇ ಒತ್ತಬೇಕು. ದಂಡಕ್ಕೆ ಗ್ರೀಸ್ ಸವರಿ ಮುಚ್ಚಳ ಜಾರಿಸಬೇಕು. ಮುಚ್ಚಳದ ಸುತ್ತಿನ ಓ ರಿಂಗ್ ಹಿಗ್ಗಿದ್ದರೆ ಅದನ್ನೂ ಬದಲಿಸಿ. ಪ್ರೊಪೆಲ್ಲರ್ ನಟ್ಟಿಗೆ ಕೈಬಿಗಿಯ ಮೇಲೆ ಕಾಲು ಸುತ್ತು ಸಾಕು; ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ಪ್ರೊಪೆಲ್ಲರ್ ಸೀಳುತ್ತದೆ.

ಮೂರನೇ ಅಳತೆಯಲ್ಲಿ ಬ್ಯಾಟರಿ ಕಂಬದಲ್ಲಿ 12.2, ಮೋಟರಿನ ತುದಿಯಲ್ಲಿ 11.7, ಕರೆಂಟ್ 48. ಮರುದಿನ ಮಧ್ಯಾಹ್ನ ಒಂದು ಗಂಟೆಗೆ, ಬಿಸಿಲು ನೆತ್ತಿಯ ಮೇಲಿರುವಾಗ, ನಲವತ್ತು ನಿಮಿಷ ಬಿಡದೆ ಐದನೇ ಸ್ಪೀಡಿನಲ್ಲಿ ಓಡಿಸಿ ನೋಡಲಾಯಿತು. ಬ್ರೇಕರ್ ಬೀಳಲಿಲ್ಲ. ಲಗ್ಗುಗಳು ಕೈಗೆ ಬೆಚ್ಚಗೆ ಮಾತ್ರ.

ಎಷ್ಟು ಹೊತ್ತು ಓಡುತ್ತದೆ

150ನ್ನು 48ರಿಂದ ಭಾಗಿಸಿ ಮೂರು ಗಂಟೆ ಎಂದು ಲೆಕ್ಕ ಹಾಕಿದವರು ನೀರಿನ ನಡುವೆ ಹುಟ್ಟು ಹಾಕುತ್ತಾರೆ. 150 ಎಎಚ್ ಎಂಬುದು 20 ಗಂಟೆಯಲ್ಲಿ, ಅಂದರೆ ಏಳೂವರೆ ಆಂಪಿನಂತೆ ನಿಧಾನಕ್ಕೆ ತೆಗೆದಾಗಿನ ಮಾತು. 48 ಆಂಪಿನಲ್ಲಿ ತೆಗೆದರೆ ಅದೇ ಬ್ಯಾಟರಿ ಎರಡು ಗಂಟೆಯ ಹತ್ತಿರಕ್ಕೆ ಪೂರ್ತಿ ಖಾಲಿ. ಆಯುಷ್ಯ ಉಳಿಯಬೇಕಾದರೆ ಅರ್ಧಕ್ಕೆ ನಿಲ್ಲಿಸಬೇಕು. ಉಳಿಯುವುದು ಒಂದು ಗಂಟೆ. ಮೂರನೇ ಸ್ಪೀಡಿನಲ್ಲಿ ಈ ಮೋಟರ್ 22 ಆಂಪ್ ತೆಗೆದುಕೊಂಡಿತು, ಅದರಲ್ಲಿ ಎರಡೂವರೆ ಗಂಟೆ. ಸ್ಪೀಡ್ ಇಳಿಸಿದಷ್ಟೂ ಒಟ್ಟು ದೂರ ಹೆಚ್ಚುತ್ತದೆ. ಖಾಲಿ ದೋಣಿಯಲ್ಲಿ ಮೂರರಲ್ಲಿ ಹೋಗಿ, ಮೀನು ತುಂಬಿದ ಮೇಲೆ ಐದರಲ್ಲಿ ಬರುವುದು ಒಳ್ಳೆಯ ರೂಢಿ.

ಜೂನ್‌ನಿಂದ ಈ ಲೆಕ್ಕವೂ ನಡೆಯುವುದಿಲ್ಲ. ಮಿರಗದ ಗಾಳಿ ಪಡುವಣದಿಂದ ಬೀಸತೊಡಗಿದರೆ ಮುನಿರಾಬಾದ್ ಕಡೆಯ ದೋಣಿಯನ್ನು ಅದು ಅಣೆಕಟ್ಟೆಯ ದಿಕ್ಕಿಗೇ ತಳ್ಳುತ್ತದೆ. 25 ಕಿಲೋ ಬಲದ ಮೋಟರ್ ಎದುರುಗಾಳಿಯಲ್ಲಿ ನಿಂತಲ್ಲೇ ನಿಂತಂತೆ ಇರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ ಬರುವಾಗ ಗಾಳಿಯ ಜೊತೆ ಬರುವಂತೆ ಬಲೆಯ ಜಾಗ ಆರಿಸಿ. ಎರಡು ಹುಟ್ಟು, ಲೈಫ್ ಜಾಕೆಟ್ ಇಲ್ಲದೆ ಬರೀ ಮೋಟರ್ ನಂಬಿ ಹೊರಡಬೇಡಿ.

ಹರಿಗೋಲಿಗೆ ಈ ಮೋಟರ್ ಹಾಕಬಹುದೇ ಎಂದು ಕೇಳುವವರು ಇಲ್ಲಿ ಬಹಳ. ಅಂಚಿಗೆ ಬಿಗಿಯಲು ಹಲಗೆ ಕಟ್ಟಿಕೊಂಡರೆ ಆದೀತು. ಹಿಂದಿನಿಂದ ತಳ್ಳಲು ಹೋದರೆ ದುಂಡಗಿನ ಪುಟ್ಟಿ ಬುಗುರಿಯಂತೆ ಸುತ್ತುತ್ತದೆ. ಮುಂದಿನ ಅಂಚಿಗೆ ಹಾಕಿ ಎಳೆಸಿದರೆ ತಕ್ಕಮಟ್ಟಿಗೆ ನೇರ ಬರುತ್ತದೆ. 50 ಕಿಲೋ ಬ್ಯಾಟರಿಯನ್ನು ಅದರ ನಡುಮಧ್ಯೆ ಅಲುಗದಂತೆ ಕಟ್ಟದಿದ್ದರೆ ಮಗುಚುತ್ತದೆ. 30 ಪೌಂಡಿನ ಸಣ್ಣ ಮೋಟರ್, ಸಣ್ಣ ಬ್ಯಾಟರಿ ಅದಕ್ಕೆ ಸಾಕು.

ಉಳಿದದ್ದು

ಮೊದಲನೇ ಸ್ಪೀಡ್ ಈ ಮೋಟರಿನಲ್ಲಿ ಮೊದಲಿನಿಂದಲೂ ಸತ್ತಿತ್ತು. ಇಂಥ ಸ್ವಿಚ್ಚಿನ ಮೋಟರುಗಳಲ್ಲಿ ಕಡಿಮೆ ಸ್ಪೀಡುಗಳನ್ನು ತಡೆಯ ತಂತಿಯ ಸುರುಳಿಗಳು ಕೊಡುತ್ತವೆ. ಆ ಸುರುಳಿಗಳು ಕೆಳಗಿನ ಮೋಟರ್ ಭಾಗದಲ್ಲಿದ್ದು ನೀರಿನಿಂದ ತಣಿಯುತ್ತವೆ. ಮನೆಯ ಅಂಗಳದಲ್ಲಿ ಓಡುತ್ತದೋ ನೋಡೋಣ ಎಂದು ನೀರಿಲ್ಲದೆ ಕಡಿಮೆ ಸ್ಪೀಡಿನಲ್ಲಿ ಹೊತ್ತುಗಟ್ಟಲೆ ತಿರುಗಿಸಿದರೆ ಮೊದಲು ಸುಡುವುದು ಅವೇ. ಐದನೇ ಸ್ಪೀಡು ಸುರುಳಿಯನ್ನು ದಾಟಿ ನೇರ ಬ್ಯಾಟರಿಗೆ ಸೇರುವುದರಿಂದ ಅದು ಮಾತ್ರ ಕೊನೆಯವರೆಗೆ ಉಳಿಯುತ್ತದೆ. ತಲೆಯ ಮುಚ್ಚಳ ತೆಗೆದು ಸ್ವಿಚ್ಚಿನ ಪ್ರತಿ ಸ್ಥಾನದಲ್ಲೂ ಕಂಟಿನ್ಯೂಟಿ (ಕರೆಂಟಿನ ದಾರಿ ಕೂಡಿದೆಯೇ ಎಂದು) ನೋಡಿದಾಗ ಸ್ವಿಚ್ ಸರಿಯಿತ್ತು. ಕೆಳಗೆ ಹೋಗುವ ಒಂದು ವೈರಿನ ದಾರಿ ಮಾತ್ರ ತುಂಡಾಗಿತ್ತು. ಬಲೆಯ ಕೆಲಸಕ್ಕೆ ಮೊದಲನೇ ಸ್ಪೀಡಿನ ಅಗತ್ಯವಿಲ್ಲವಾದ್ದರಿಂದ ಮೋಟರಿನ ಮುಂಬದಿ ಬಿಚ್ಚದೆ ಅದನ್ನು ಹಾಗೆಯೇ ಬಿಡಲಾಯಿತು.

ಪ್ರೊಪೆಲ್ಲರನ್ನು 20 ಗಂಟೆ ಓಟಕ್ಕೊಮ್ಮೆ ಬಿಚ್ಚಿ ಎಳೆ ಹುಡುಕಬೇಕು. ಬಲೆಗಳ ನಡುವೆ ದಿನವೂ ಓಡುವ ದೋಣಿಗೆ ಅದು ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಚಾರ್ಜ್ 15 ಆಂಪ್ ಮೀರದಂತೆ, ಗಾಳಿಯಾಡುವ ಕಡೆ, ದೋಣಿಯಿಂದ ಬಂದ ದಿನವೇ. ಡಿಸ್ಟಿಲ್ಡ್ ನೀರು ತುಂಬುವುದು ಚಾರ್ಜ್ ಮುಗಿದ ಮೇಲೆ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಬಿಳಿ ಬಣ್ಣದಿಂದ 12.2, 11.7, 48 ಎಂದು ಬರೆದಿಡಲಾಗಿದೆ. ಮುಂದಿನ ಸಲ ಎಳೆತ ಕಡಿಮೆ ಎನಿಸಿದಾಗ ದೋಣಿಯನ್ನು ಗೂಟಕ್ಕೆ ಕಟ್ಟಿ ಅಳೆದು ಈ ಮೂರರಲ್ಲಿ ಯಾವುದು ಬದಲಾಗಿದೆ ಎಂದು ನೋಡಿದ ಮೇಲೆಯೇ ಬ್ಯಾಟರಿ ಅಂಗಡಿಯ ದಾರಿ ಹಿಡಿಯುವುದು.